ಕೊಪ್ಪಳ ಜಿಲ್ಲೆಯಲ್ಲಿ ಹಲ್ಲಿನ ಎನಾಮಲ್ ರಕ್ಷಣೆ ಮತ್ತು ಟೂತ್‌ಪೇಸ್ಟ್

ಎನಾಮಲ್ ಎಂಬುದು ಹಲ್ಲಿನ ಹೊರಭಾಗವನ್ನು ಆವರಿಸಿರುವ ಗಟ್ಟಿಯಾದ ಪದರ. ಇದನ್ನು ದಂತಕವಚ ಎಂದೂ ಕರೆಯುತ್ತಾರೆ. ಆಹಾರ ಮತ್ತು ಪಾನೀಯಗಳಲ್ಲಿರುವ ಆಮ್ಲದಿಂದ ಈ ಪದರ ಕರಗಿ ತೆಳುವಾಗುವುದನ್ನು ಆಮ್ಲಸವೆತ ಎನ್ನುತ್ತಾರೆ. ಇದನ್ನು ತಡೆಯಲು ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್, ತವರದ ಲವಣಗಳು, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸಂಯುಕ್ತಗಳನ್ನು ಬಳಸಲಾಗುತ್ತದೆ. ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಎನಾಮಲನ್ನು ಕಾಪಾಡುವ ಮುಖ್ಯ ಘಟಕಾಂಶವಾದ ಫ್ಲೋರೈಡ್, ಇಲ್ಲಿನ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಮಿತಿಮೀರಿದ ಪ್ರಮಾಣದಲ್ಲಿದೆ. ಅದೇ ವಸ್ತು ಮಕ್ಕಳ ಎನಾಮಲ್ ಕೆಡುವುದಕ್ಕೂ ಕಾರಣವಾಗಿದೆ. ಆದ್ದರಿಂದ ಟೂತ್‌ಪೇಸ್ಟಿನ ಆಯ್ಕೆ ಮತ್ತು ಕುಡಿಯುವ ನೀರಿನ ಪ್ರಶ್ನೆಗಳು ಇಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ.

ಎನಾಮಲ್‌ನ ರಚನೆ

ಎನಾಮಲ್ ಮಾನವ ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ತೂಕದಲ್ಲಿ ಅದರ ಸುಮಾರು 96% ಭಾಗ ಖನಿಜವಾಗಿದ್ದು, ಉಳಿದುದು ನೀರು ಮತ್ತು ಸಾವಯವ ಪದಾರ್ಥ. ಖನಿಜಾಂಶವು ಮುಖ್ಯವಾಗಿ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟಿನ ಹರಳುಗಳಿಂದ ಕೂಡಿದೆ. ಎನಾಮಲ್‌ನ ಒಳಗಡೆ ಡೆಂಟಿನ್ ಎಂಬ ಹಳದಿ ಬಣ್ಣದ, ಮೃದುವಾದ ಪದರವಿದೆ.

ಅಮೆಲೊಬ್ಲಾಸ್ಟ್ ಎಂಬ ಜೀವಕೋಶಗಳು ಹಲ್ಲು ವಸಡಿನೊಳಗಿರುವಾಗಲೇ ಎನಾಮಲನ್ನು ನಿರ್ಮಿಸುತ್ತವೆ. ಹಲ್ಲು ಹೊರಬರುವ ವೇಳೆಗೆ ಈ ಕೋಶಗಳು ನಾಶವಾಗಿರುತ್ತವೆ. ಆ ಕಾರಣ ಚರ್ಮ ಅಥವಾ ಮೂಳೆಯಂತೆ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಕಳೆದುಹೋದ ಎನಾಮಲನ್ನು ಯಾವ ಟೂತ್‌ಪೇಸ್ಟೂ ಹೊಸದಾಗಿ ಬೆಳೆಸಲಾರದು. ಮೃದುವಾದ ಮೇಲ್ಮೈಗೆ ಖನಿಜವನ್ನು ಮರಳಿ ತುಂಬುವುದು ಮತ್ತು ಮುಂದಿನ ಸವೆತವನ್ನು ನಿಧಾನಗೊಳಿಸುವುದು ಮಾತ್ರ ಅದಕ್ಕೆ ಸಾಧ್ಯ.

ಹಲ್ಲಿನ ಸುತ್ತಲಿನ ದ್ರವದ ಪಿಎಚ್ ಮೌಲ್ಯ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹೈಡ್ರಾಕ್ಸಿಅಪಟೈಟ್ ಕರಗತೊಡಗುತ್ತದೆ. ಇದನ್ನು ನಿರ್ಣಾಯಕ ಪಿಎಚ್ ಎನ್ನುತ್ತಾರೆ. ಹರಳಿನಲ್ಲಿರುವ ಹೈಡ್ರಾಕ್ಸಿಲ್ ಅಯಾನಿನ ಸ್ಥಾನವನ್ನು ಫ್ಲೋರೈಡ್ ಅಯಾನು ಪಡೆದಾಗ ಫ್ಲೋರಪಟೈಟ್ ಉಂಟಾಗುತ್ತದೆ. ಇದು ಕರಗಲು ಪಿಎಚ್ ಸುಮಾರು 4.5ರವರೆಗೆ ಇಳಿಯಬೇಕು. ಲಾಲಾರಸವು ಆಮ್ಲವನ್ನು ತಟಸ್ಥಗೊಳಿಸಿ, ತನ್ನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಹಲ್ಲಿಗೆ ಒದಗಿಸುತ್ತದೆ. ಈ ಕ್ರಿಯೆಗೆ ಪುನರ್ಖನಿಜೀಕರಣ ಎಂದು ಹೆಸರು.

ಎನಾಮಲ್ ಹಾನಿಯ ವಿಧಗಳು

ಎನಾಮಲ್‌ಗೆ ಆಗುವ ಹಾನಿಯ ಕಾರಣಗಳು ಬೇರೆ ಬೇರೆ. ಇವುಗಳನ್ನು ಒಂದೇ ಎಂದು ಭಾವಿಸಿದರೆ ಪರಿಹಾರವೂ ತಪ್ಪಾಗುತ್ತದೆ.

ಆಮ್ಲಸವೆತ: ಆಹಾರ, ಪಾನೀಯ ಅಥವಾ ಜಠರದ ಆಮ್ಲ ನೇರವಾಗಿ ಎನಾಮಲನ್ನು ಕರಗಿಸುವುದು. ಇದರಲ್ಲಿ ಬ್ಯಾಕ್ಟೀರಿಯಾಗಳ ಪಾತ್ರವಿಲ್ಲ.

ದಂತಕ್ಷಯ (ಹುಳುಕು): ಹಲ್ಲಿನ ಮೇಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ಉತ್ಪಾದಿಸುವ ಆಮ್ಲದಿಂದ ಹಲ್ಲು ಕೊಳೆಯುವುದು.

ಉಜ್ಜುಸವೆತ: ಒರಟು ಬ್ರಷ್, ಇದ್ದಿಲು, ಇಟ್ಟಿಗೆ ಪುಡಿ ಮೊದಲಾದವುಗಳ ತಿಕ್ಕಾಟದಿಂದ ಹಲ್ಲು ಸವೆಯುವುದು.

ಜಗಿತದ ಸವೆತ: ಹಲ್ಲಿಗೆ ಹಲ್ಲು ಉಜ್ಜುವುದರಿಂದ ಆಗುವ ಸವೆತ. ನಿದ್ರೆಯಲ್ಲಿ ಹಲ್ಲು ಕಡಿಯುವವರಲ್ಲಿಯೂ ಅಡಿಕೆಯಂತಹ ಗಟ್ಟಿ ಪದಾರ್ಥಗಳನ್ನು ಸದಾ ಜಗಿಯುವವರಲ್ಲಿಯೂ ಇದು ಹೆಚ್ಚು.

ದಂತ ಫ್ಲೋರೋಸಿಸ್: ಇದು ಸವೆತವಲ್ಲ. ಎನಾಮಲ್ ರೂಪುಗೊಳ್ಳುವ ವಯಸ್ಸಿನಲ್ಲಿ ಮಗುವಿನ ದೇಹಕ್ಕೆ ಹೆಚ್ಚು ಫ್ಲೋರೈಡ್ ಸೇರಿದಾಗ ಉಂಟಾಗುವ ರಚನಾದೋಷ.

ಆಮ್ಲದ ಮೂಲಗಳು

ತಂಪು ಪಾನೀಯಗಳಲ್ಲಿ ಫಾಸ್ಫಾರಿಕ್ ಅಥವಾ ಸಿಟ್ರಿಕ್ ಆಮ್ಲವಿದ್ದು, ಅವುಗಳ ಪಿಎಚ್ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರುತ್ತದೆ. ನಿಂಬೆಹಣ್ಣಿನಲ್ಲಿ ಸಿಟ್ರಿಕ್ ಆಮ್ಲವೂ, ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲವೂ ಹೇರಳವಾಗಿವೆ. ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಬೆಳೆಯುವ ದಾಳಿಂಬೆಯ ರಸವೂ ಆಮ್ಲೀಯವೇ. ಈ ಪದಾರ್ಥಗಳನ್ನು ಊಟದ ಭಾಗವಾಗಿ ಸೇವಿಸುವುದರಿಂದ ಹೆಚ್ಚಿನ ಹಾನಿಯಿಲ್ಲ. ಹುಣಸೆಯನ್ನು ಬಾಯಲ್ಲಿಟ್ಟು ಚೀಪುವುದು, ತಂಪು ಪಾನೀಯವನ್ನು ದಿನವಿಡೀ ಸ್ವಲ್ಪಸ್ವಲ್ಪವಾಗಿ ಕುಡಿಯುವುದು ಮುಂತಾದ ರೂಢಿಗಳಿಂದ ಹಲ್ಲಿಗೆ ಆಮ್ಲದ ಸಂಪರ್ಕ ದೀರ್ಘವಾಗುತ್ತದೆ. ಸವೆತವನ್ನು ನಿರ್ಧರಿಸುವುದರಲ್ಲಿ ಆಮ್ಲದ ಪ್ರಮಾಣದಷ್ಟೇ ಅದು ಹಲ್ಲಿಗೆ ತಗುಲಿರುವ ಸಮಯವೂ ಮುಖ್ಯ.

ಮೊಸರಿನ ಪಿಎಚ್ ಕಡಿಮೆಯಿದ್ದರೂ ಅದರಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸಮೃದ್ಧವಾಗಿರುವುದರಿಂದ ಅದು ಎನಾಮಲನ್ನು ಕರಗಿಸುವುದಿಲ್ಲ. ಹುಳಿ ರುಚಿಯ ಪದಾರ್ಥಗಳೆಲ್ಲವೂ ಹಲ್ಲಿಗೆ ಸಮಾನವಾಗಿ ಹಾನಿಕರವಲ್ಲ ಎಂಬುದಕ್ಕೆ ಇದು ಉದಾಹರಣೆ.

ದೇಹದ ಒಳಗಿನಿಂದಲೂ ಆಮ್ಲ ಬರಬಹುದು. ದೀರ್ಘಕಾಲದ ಹುಳಿತೇಗು, ಪದೇ ಪದೇ ಆಗುವ ವಾಂತಿ ಮುಂತಾದ ಸ್ಥಿತಿಗಳಲ್ಲಿ ಜಠರದ ಆಮ್ಲವು ಬಾಯಿಗೆ ಬಂದು, ವಿಶೇಷವಾಗಿ ಮೇಲಿನ ಮುಂಹಲ್ಲುಗಳ ಒಳಬದಿಯನ್ನು ಸವೆಸುತ್ತದೆ. ಇಂತಹ ಸಂದರ್ಭದಲ್ಲಿ ಮೂಲ ಕಾಯಿಲೆಗೆ ಚಿಕಿತ್ಸೆಯಾಗದೆ ಟೂತ್‌ಪೇಸ್ಟ್ ಬದಲಿಸುವುದರಿಂದ ಪ್ರಯೋಜನ ಸ್ವಲ್ಪವೇ.

ಕೊಪ್ಪಳ ಜಿಲ್ಲೆಯ ನೀರು ಮತ್ತು ದಂತ ಫ್ಲೋರೋಸಿಸ್

ಕೊಪ್ಪಳ ಜಿಲ್ಲೆಯು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಆಗ ಅದರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಿದ್ದವು. ಕನಕಗಿರಿ, ಕಾರಟಗಿ ಮತ್ತು ಕುಕನೂರು ತಾಲ್ಲೂಕುಗಳು ನಂತರ ಸೇರ್ಪಡೆಯಾದವು. ಗಂಗಾವತಿ ಭಾಗಕ್ಕೆ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರು ದೊರೆಯುತ್ತದೆ. ಕುಷ್ಟಗಿ ಮತ್ತು ಯಲಬುರ್ಗಾ ಮಳೆಯಾಶ್ರಿತ ಒಣಪ್ರದೇಶಗಳಾಗಿದ್ದು, ಇಲ್ಲಿನ ಹಳ್ಳಿಗಳು ಬಹುಕಾಲ ಕೊಳವೆಬಾವಿಗಳನ್ನೇ ಅವಲಂಬಿಸಿವೆ.

ಜಿಲ್ಲೆಯ ಬಹುಭಾಗದ ನೆಲದಡಿಯಲ್ಲಿ ಗ್ರಾನೈಟ್ ಮತ್ತು ನೈಸ್ ಜಾತಿಯ ಪ್ರಾಚೀನ ಶಿಲೆಗಳಿವೆ. ಈ ಬಗೆಯ ಶಿಲೆಗಳಲ್ಲಿ ಕಂಡುಬರುವ ಫ್ಲೋರೈಟ್, ಅಪಟೈಟ್, ಬಯೊಟೈಟ್ ಮುಂತಾದ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ನೀರಿಗೆ ಸೇರುತ್ತದೆ. ಮಳೆ ಕಡಿಮೆಯಿದ್ದು, ನೀರು ಶಿಲೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತಾಗ ಅದರ ಪ್ರಮಾಣ ಏರುತ್ತದೆ. ಒಂದೇ ಊರಿನ ಎರಡು ಕೊಳವೆಬಾವಿಗಳಲ್ಲಿಯೂ ಫ್ಲೋರೈಡ್ ಪ್ರಮಾಣ ಬೇರೆ ಬೇರೆಯಾಗಿರಬಹುದು. ಆದ್ದರಿಂದ ನೆರೆಮನೆಯ ಬಾವಿಯ ವರದಿಯಿಂದ ತಮ್ಮ ಬಾವಿಯ ನೀರನ್ನು ಅಳೆಯಲಾಗದು.

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದ (ಐಎಸ್ 10500) ಪ್ರಕಾರ ಒಂದು ಲೀಟರ್ ನೀರಿನಲ್ಲಿ 1.0 ಮಿ.ಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ ಮಿತಿ. ಬೇರೆ ಜಲಮೂಲವಿಲ್ಲದಿದ್ದಾಗ 1.5 ಮಿ.ಗ್ರಾಂವರೆಗೆ ಅನುಮತಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮೌಲ್ಯವೂ 1.5 ಮಿ.ಗ್ರಾಂ. ಕೊಪ್ಪಳ ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಈ ಮಿತಿ ಮೀರಿದ ಫ್ಲೋರೈಡ್ ಕಂಡುಬಂದಿದೆ.

ಫ್ಲೋರೋಸಿಸ್‌ನ ಸೌಮ್ಯ ರೂಪದಲ್ಲಿ ಹಲ್ಲಿನ ಮೇಲೆ ಸುಣ್ಣ ಬಳಿದಂತಹ ಬಿಳಿ ಗೆರೆಗಳು ಅಥವಾ ಮಚ್ಚೆಗಳು ಕಾಣುತ್ತವೆ. ತೀವ್ರ ರೂಪದಲ್ಲಿ ಎನಾಮಲ್‌ನ ಒಳಭಾಗ ರಂಧ್ರಮಯವಾಗಿ, ಹಲ್ಲು ಹೊರಬಂದ ನಂತರ ಕಂದು ಬಣ್ಣ ತಳೆಯುತ್ತದೆ. ಕೆಲವೆಡೆ ಮೇಲ್ಪದರ ಚಕ್ಕೆಯೆದ್ದು ಗುಳಿಗಳಾಗುತ್ತವೆ. ಫ್ಲೋರೋಸಿಸ್ ಇರುವ ಹಲ್ಲಿಗೆ ಆಮ್ಲ ತಗುಲದು ಎಂಬ ನಂಬಿಕೆ ಸರಿಯಲ್ಲ.

ಮೂರನೆಯ ದವಡೆ ಹಲ್ಲನ್ನು ಹೊರತುಪಡಿಸಿ ಶಾಶ್ವತ ಹಲ್ಲುಗಳ ಎನಾಮಲ್ ಸುಮಾರು 8ನೇ ವಯಸ್ಸಿನೊಳಗೆ ರೂಪುಗೊಂಡಿರುತ್ತದೆ. ಎದ್ದು ಕಾಣುವ ಮುಂಹಲ್ಲುಗಳ ದೃಷ್ಟಿಯಿಂದ ಮೊದಲ 3 ವರ್ಷಗಳು ಅತ್ಯಂತ ಸೂಕ್ಷ್ಮ. ಅನಂತರದ ವಯಸ್ಸಿನಲ್ಲಿ ಸೇವಿಸಿದ ಫ್ಲೋರೈಡ್‌ನಿಂದ ಈ ಹಲ್ಲುಗಳಿಗೆ ಫ್ಲೋರೋಸಿಸ್ ಬರುವುದಿಲ್ಲ. ಆದರೆ ಹೆಚ್ಚು ಫ್ಲೋರೈಡ್ ಇರುವ ನೀರನ್ನು ದೀರ್ಘಕಾಲ ಕುಡಿದರೆ ವಯಸ್ಕರ ಮೂಳೆ ಮತ್ತು ಕೀಲುಗಳಿಗೆ ಹಾನಿಯಾಗುವ ಅಪಾಯ ಇದ್ದೇ ಇರುತ್ತದೆ.

ಟೂತ್‌ಪೇಸ್ಟಿನ ಘಟಕಾಂಶಗಳು

ಉಜ್ಜುಕಾರಕಗಳು: ಹಲ್ಲಿನ ಪಾಚಿ ಮತ್ತು ಕಲೆಯನ್ನು ತೆಗೆಯುವ ನುಣ್ಣನೆಯ ಪುಡಿಗಳು. ಕ್ಯಾಲ್ಸಿಯಂ ಕಾರ್ಬೊನೇಟ್, ಜಲಯುಕ್ತ ಸಿಲಿಕಾ ಮತ್ತು ಡೈಕ್ಯಾಲ್ಸಿಯಂ ಫಾಸ್ಫೇಟ್ ಪ್ರಮುಖವಾದವು. ಇವುಗಳ ಉಜ್ಜುವ ಶಕ್ತಿಯನ್ನು ಆರ್‌ಡಿಎ ಎಂಬ ಸೂಚ್ಯಂಕದಿಂದ ಅಳೆಯುತ್ತಾರೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಇದರ ಗರಿಷ್ಠ ಮಿತಿ 250. ಆಮ್ಲಸವೆತ ಇರುವವರಿಗೆ ಕಡಿಮೆ ಸೂಚ್ಯಂಕದ ಪೇಸ್ಟ್ ಸೂಕ್ತ. ಹಲ್ಲನ್ನು ಬೆಳ್ಳಗಾಗಿಸುವುದಾಗಿ ಹೇಳುವ ಕೆಲವು ಪೇಸ್ಟುಗಳಲ್ಲಿ ಉಜ್ಜುವ ಗುಣ ಹೆಚ್ಚಾಗಿರುತ್ತದೆ.

ಫ್ಲೋರೈಡ್ ಸಂಯುಕ್ತಗಳು: ಸೋಡಿಯಂ ಫ್ಲೋರೈಡ್, ಸೋಡಿಯಂ ಮೊನೊಫ್ಲೋರೋಫಾಸ್ಫೇಟ್, ಸ್ಟ್ಯಾನಸ್ ಫ್ಲೋರೈಡ್ ಮತ್ತು ಅಮೈನ್ ಫ್ಲೋರೈಡ್ ಬಳಕೆಯಲ್ಲಿವೆ. ಸೋಡಿಯಂ ಫ್ಲೋರೈಡನ್ನು ಕ್ಯಾಲ್ಸಿಯಂ ಕಾರ್ಬೊನೇಟ್‌ನೊಡನೆ ಬೆರೆಸಿದರೆ ಎರಡೂ ವರ್ತಿಸಿ, ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಉಂಟಾಗಿ ಫ್ಲೋರೈಡ್ ನಿಷ್ಪ್ರಯೋಜಕವಾಗುತ್ತದೆ. ಆದ್ದರಿಂದ ಅದನ್ನು ಸಿಲಿಕಾ ಆಧಾರಿತ ಪೇಸ್ಟುಗಳಲ್ಲಿ ಬಳಸುತ್ತಾರೆ. ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ ಪೇಸ್ಟುಗಳಲ್ಲಿ ಸೋಡಿಯಂ ಮೊನೊಫ್ಲೋರೋಫಾಸ್ಫೇಟ್ ಇರುತ್ತದೆ. ಫ್ಲೋರೈಡ್ ಹಲ್ಲಿನ ಮೇಲೆ ಕ್ಯಾಲ್ಸಿಯಂ ಫ್ಲೋರೈಡ್‌ನಂತಹ ತೆಳುಲೇಪವನ್ನು ರೂಪಿಸುತ್ತದೆ. ದಂತಕ್ಷಯದ ವಿರುದ್ಧ ಇದರ ಪರಿಣಾಮ ಸುಸ್ಥಾಪಿತ. ತೀವ್ರ ಆಮ್ಲ ಈ ಲೇಪವನ್ನೂ ಕರಗಿಸುವುದರಿಂದ ಆಮ್ಲಸವೆತದ ವಿರುದ್ಧ ಅದರ ರಕ್ಷಣೆ ಸೀಮಿತ.

ತವರದ ಲವಣಗಳು: ಸ್ಟ್ಯಾನಸ್ ಫ್ಲೋರೈಡ್ ಮತ್ತು ಸ್ಟ್ಯಾನಸ್ ಕ್ಲೋರೈಡ್‌ನಲ್ಲಿರುವ ತವರವು ಎನಾಮಲ್ ಮೇಲ್ಮೈಗೆ ಅಂಟಿಕೊಂಡು, ಆಮ್ಲಕ್ಕೆ ಸುಲಭವಾಗಿ ಕರಗದ ಪದರವನ್ನು ಉಂಟುಮಾಡುತ್ತದೆ. ಆಮ್ಲಸವೆತವನ್ನು ತಡೆಯುವುದರಲ್ಲಿ ಬರಿಯ ಸೋಡಿಯಂ ಫ್ಲೋರೈಡ್‌ಗಿಂತ ಇವು ಹೆಚ್ಚು ಪರಿಣಾಮಕಾರಿ. ಕೆಲವರ ಹಲ್ಲಿನ ಮೇಲೆ ಕಂದು ಕಲೆ ಮೂಡುವುದು ಇವುಗಳ ಒಂದು ಕೊರತೆ. ಕೆಲವು ಪೇಸ್ಟುಗಳಲ್ಲಿ ತವರದೊಡನೆ ಕೈಟೋಸಾನ್ ಎಂಬ ಜೈವಿಕ ಪದಾರ್ಥವನ್ನೂ ಸೇರಿಸುತ್ತಾರೆ.

ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸಂಯುಕ್ತಗಳು: ಹಾಲಿನ ಪ್ರೋಟೀನಾದ ಕೇಸಿನ್‌ನಿಂದ ತಯಾರಾಗುವ ಸಿಪಿಪಿ-ಎಸಿಪಿ, ಕ್ಯಾಲ್ಸಿಯಂ ಸೋಡಿಯಂ ಫಾಸ್ಫೋಸಿಲಿಕೇಟ್ ಎಂಬ ಜೈವಿಕ ಗಾಜು, ಮತ್ತು ನ್ಯಾನೋ ಹೈಡ್ರಾಕ್ಸಿಅಪಟೈಟ್ ಈ ಗುಂಪಿಗೆ ಸೇರುತ್ತವೆ. ಇವು ಹಲ್ಲಿಗೆ ಖನಿಜವನ್ನು ಒದಗಿಸುತ್ತವೆ. ಫ್ಲೋರೈಡ್ ಇಲ್ಲದೆಯೂ ಇವುಗಳನ್ನು ತಯಾರಿಸಬಹುದಾದ್ದರಿಂದ ಫ್ಲೋರೈಡ್ ಪೀಡಿತ ಪ್ರದೇಶಗಳಲ್ಲಿ ಇವುಗಳ ಬಗ್ಗೆ ಆಸಕ್ತಿಯಿದೆ. ಬೆಲೆ ಮಾತ್ರ ಸಾಮಾನ್ಯ ಪೇಸ್ಟಿಗಿಂತ ಹೆಚ್ಚು. ಹಾಲಿನ ಪ್ರೋಟೀನಿನ ಅಲರ್ಜಿ ಇರುವವರು ಸಿಪಿಪಿ-ಎಸಿಪಿ ಬಳಸಬಾರದು.

ಜುಮ್ಮೆನ್ನುವಿಕೆಯನ್ನು ತಗ್ಗಿಸುವ ವಸ್ತುಗಳು: ಎನಾಮಲ್ ಸವೆದು ಡೆಂಟಿನ್ ತೆರೆದುಕೊಂಡಾಗ ತಣ್ಣನೆಯ ಹಾಗೂ ಹುಳಿ ಪದಾರ್ಥಗಳಿಂದ ಹಲ್ಲು ಜುಮ್ಮೆನ್ನುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಹಲ್ಲಿನ ನರಗಳ ಸಂವೇದನೆಯನ್ನು ಕಡಿಮೆ ಮಾಡುತ್ತದೆ. ಅದು ಎನಾಮಲನ್ನು ರಕ್ಷಿಸುವುದಿಲ್ಲ. ನೋವು ಶಮನವಾಯಿತೆಂದರೆ ಸವೆತ ನಿಂತಿತೆಂದು ಅರ್ಥವಲ್ಲ.

ಇತರ ಘಟಕಗಳು: ಪೇಸ್ಟ್ ಒಣಗದಂತೆ ಗ್ಲಿಸರಿನ್ ಮತ್ತು ಸಾರ್ಬಿಟಾಲ್, ನೊರೆಗಾಗಿ ಸೋಡಿಯಂ ಲಾರಿಲ್ ಸಲ್ಫೇಟ್, ಹದಕ್ಕಾಗಿ ಅಂಟು ಪದಾರ್ಥಗಳು, ರುಚಿಗಾಗಿ ಪುದೀನ ಮತ್ತು ಲವಂಗದ ಎಣ್ಣೆಗಳನ್ನು ಸೇರಿಸುತ್ತಾರೆ.

ಫ್ಲೋರೈಡ್ ಪ್ರಮಾಣದ ಲೆಕ್ಕ

ಟೂತ್‌ಪೇಸ್ಟಿನ ಫ್ಲೋರೈಡನ್ನು ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂಬ ಲೆಕ್ಕದಲ್ಲಿ ನಮೂದಿಸುತ್ತಾರೆ. 1000 ಪಿಪಿಎಂ ಪೇಸ್ಟಿನ ಒಂದು ಗ್ರಾಂನಲ್ಲಿ 1 ಮಿ.ಗ್ರಾಂ ಫ್ಲೋರೈಡ್ ಇರುತ್ತದೆ. ಬಟಾಣಿ ಕಾಳಿನಷ್ಟು ಪೇಸ್ಟ್ ಸುಮಾರು 0.25 ಗ್ರಾಂ ತೂಗುತ್ತದೆ, ಅದರಲ್ಲಿ 0.25 ಮಿ.ಗ್ರಾಂ ಫ್ಲೋರೈಡ್ ಇರುತ್ತದೆ. ಅಕ್ಕಿಕಾಳಿನಷ್ಟು ಪೇಸ್ಟಿನಲ್ಲಿ ಸುಮಾರು 0.1 ಮಿ.ಗ್ರಾಂ ಮಾತ್ರ. ಬ್ರಷ್‌ನ ಉದ್ದಕ್ಕೂ ಹಚ್ಚಿದ ಪೇಸ್ಟಿನಲ್ಲಿ 1 ಮಿ.ಗ್ರಾಂನಷ್ಟು ಇರಬಹುದು.

ಮಗುವಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಂಗೆ 0.05 ಮಿ.ಗ್ರಾಂ ಫ್ಲೋರೈಡ್ ಸಾಕು ಎಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ. ಈ ಲೆಕ್ಕದಲ್ಲಿ 12 ಕಿಲೋ ತೂಕದ ಮಗುವಿಗೆ 0.6 ಮಿ.ಗ್ರಾಂ. ಲೀಟರಿಗೆ 2 ಮಿ.ಗ್ರಾಂ ಫ್ಲೋರೈಡ್ ಇರುವ ಕೊಳವೆಬಾವಿಯ ನೀರನ್ನು ಆ ಮಗು ದಿನಕ್ಕೆ ಒಂದು ಲೀಟರ್ ಕುಡಿದರೆ, ನೀರಿನಿಂದಲೇ 2 ಮಿ.ಗ್ರಾಂ ದೇಹ ಸೇರುತ್ತದೆ. ಅಕ್ಕಿಕಾಳಿನಷ್ಟು ಪೇಸ್ಟನ್ನು ಎರಡು ಹೊತ್ತು ಪೂರ್ತಿಯಾಗಿ ನುಂಗಿದರೂ ಸೇರುವುದು 0.2 ಮಿ.ಗ್ರಾಂ. ಇಂತಹ ಹಳ್ಳಿಯಲ್ಲಿ ಪೇಸ್ಟನ್ನು ಮಾತ್ರ ಬದಲಿಸಿ ನೀರನ್ನು ಬದಲಿಸದಿದ್ದರೆ ಮಗುವಿನ ಹಲ್ಲು ಉಳಿಯದು ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ನೀರು ಶುದ್ಧವಾಗಿದ್ದೂ ಮಗು ದಿನವೂ ಬ್ರಷ್ ತುಂಬ ಪೇಸ್ಟ್ ನುಂಗುತ್ತಿದ್ದರೆ ಪೇಸ್ಟೇ ಮುಖ್ಯ ಮೂಲವಾಗಬಹುದು.

ಫ್ಲೋರೈಡ್ ಪೇಸ್ಟ್ ಕುರಿತ ಎರಡು ಅಭಿಪ್ರಾಯಗಳು

ಫ್ಲೋರೈಡ್ ಪೀಡಿತ ಪ್ರದೇಶಗಳಲ್ಲಿ ಯಾವ ಪೇಸ್ಟ್ ಬಳಸಬೇಕೆಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ನೀರಿನಿಂದಲೇ ಮಿತಿಮೀರಿದ ಫ್ಲೋರೈಡ್ ದೊರೆಯುವಾಗ ಮತ್ತಷ್ಟನ್ನು ಸೇರಿಸಬಾರದು, ಆದ್ದರಿಂದ ಚಿಕ್ಕ ಮಕ್ಕಳಿಗೆ ಫ್ಲೋರೈಡ್‌ರಹಿತ ಪೇಸ್ಟ್ ಕೊಡಬೇಕು ಎಂಬುದು ಒಂದು ಅಭಿಪ್ರಾಯ. ಫ್ಲೋರೋಸಿಸ್ ಇರುವ ಹಲ್ಲಿಗೂ ಹುಳುಕು ಬರುತ್ತದೆ, ಉಗುಳಿಬಿಡುವ ಪೇಸ್ಟ್ ದೇಹಕ್ಕೆ ಸೇರುವುದಿಲ್ಲ, ಆದ್ದರಿಂದ ಅಲ್ಪ ಪ್ರಮಾಣದಲ್ಲಿ ಬಳಸಬಹುದು ಎಂಬುದು ಇನ್ನೊಂದು. ಉಗುಳಲು ಬಾರದ ವಯಸ್ಸಿನ ಮಕ್ಕಳು ಪೇಸ್ಟ್ ನುಂಗಬಾರದು ಎಂಬುದನ್ನು ಎರಡೂ ಪಕ್ಷಗಳು ಒಪ್ಪುತ್ತವೆ. ಹಲ್ಲುಗಳ ಬೆಳವಣಿಗೆ ಮುಗಿದ ವಯಸ್ಕರು ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿ ಉಗುಳುವುದರಿಂದ ದಂತ ಫ್ಲೋರೋಸಿಸ್ ಉಂಟಾಗುವುದಿಲ್ಲ.

ಸಾಂಪ್ರದಾಯಿಕ ಸಾಧನಗಳು

ಬೇವಿನ ಕಡ್ಡಿ, ಬೂದಿ, ಇದ್ದಿಲು, ಉಪ್ಪು, ಕೆಂಪು ಹಲ್ಲುಪುಡಿ ಮುಂತಾದವು ಗ್ರಾಮೀಣ ಪ್ರದೇಶದಲ್ಲಿ ಬಳಕೆಯಲ್ಲಿವೆ. ಬೇವಿನ ಕಡ್ಡಿಯ ತುದಿಯನ್ನು ಚೆನ್ನಾಗಿ ಜಗಿದು ಮೃದುವಾಗಿಸಿ ಬಳಸಿದರೆ ಹಲ್ಲಿನ ಪಾಚಿ ಹೋಗುತ್ತದೆ. ಬೂದಿ, ಇದ್ದಿಲು, ಇಟ್ಟಿಗೆ ಪುಡಿಗಳಲ್ಲಿ ಒರಟು ಕಣಗಳಿರುವುದರಿಂದ ಅವು ಎನಾಮಲನ್ನು ಸವೆಸುತ್ತವೆ. ಫ್ಲೋರೋಸಿಸ್‌ನ ಕಂದು ಬಣ್ಣವನ್ನು ಕೊಳೆಯೆಂದು ಭಾವಿಸಿ ಇವುಗಳಿಂದ ಬಲವಾಗಿ ತಿಕ್ಕುವುದುಂಟು. ಬಣ್ಣ ಎನಾಮಲ್‌ನ ಒಳಗಿರುವುದರಿಂದ ಅದು ಹೋಗುವುದಿಲ್ಲ. ಮೊದಲೇ ದುರ್ಬಲವಾದ ಪದರ ಮತ್ತಷ್ಟು ತೆಳುವಾಗುತ್ತದೆ. ಹೊಗೆಸೊಪ್ಪಿನಿಂದ ತಯಾರಿಸಿದ ಹಲ್ಲುಪುಡಿಗಳು ಬಾಯಿ ಕ್ಯಾನ್ಸರಿಗೆ ಕಾರಣವಾಗಬಲ್ಲವು. ಟೂತ್‌ಪೇಸ್ಟ್ ಮತ್ತು ಹಲ್ಲುಪುಡಿಗಳಲ್ಲಿ ಹೊಗೆಸೊಪ್ಪಿನ ಬಳಕೆಯನ್ನು ಭಾರತ ಸರ್ಕಾರ 1992ರಲ್ಲಿ ನಿಷೇಧಿಸಿತು.

ಭಾರತದ ನಿಯಮಗಳು

ಭಾರತದಲ್ಲಿ ಟೂತ್‌ಪೇಸ್ಟ್ ಸೌಂದರ್ಯವರ್ಧಕಗಳ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ಫ್ಲೋರೈಡ್ ಪ್ರಮಾಣ 1000 ಪಿಪಿಎಂ ಮೀರಬಾರದು. ಅದನ್ನು ಟ್ಯೂಬಿನ ಮೇಲೂ ರಟ್ಟಿನ ಪೆಟ್ಟಿಗೆಯ ಮೇಲೂ ನಮೂದಿಸಬೇಕು. ಬಳಕೆಯ ಕೊನೆಯ ದಿನಾಂಕವೂ ಇರಬೇಕು. ಯುರೋಪಿನಲ್ಲಿ ಈ ಮಿತಿ 1500 ಪಿಪಿಎಂ. ಖರೀದಿಸುವವರು ಪೆಟ್ಟಿಗೆಯ ಮೇಲಿನ ಘಟಕಾಂಶಗಳ ಪಟ್ಟಿಯಲ್ಲಿ ಫ್ಲೋರೈಡ್‌ನ ಹೆಸರು ಮತ್ತು ಪಿಪಿಎಂ ಅಂಕಿಯನ್ನು ನೋಡಿ ತಿಳಿಯಬಹುದು.

ಬಳಕೆಯ ಕ್ರಮ

ದಿನಕ್ಕೆ ಎರಡು ಬಾರಿ, ಮೃದುವಾದ ಬ್ರಷ್‌ನಿಂದ, ಹೆಚ್ಚು ಒತ್ತಡವಿಲ್ಲದೆ ಹಲ್ಲುಜ್ಜಬೇಕು. ಫ್ಲೋರೈಡ್ ಪೇಸ್ಟ್ ಬಳಸುವುದಾದರೆ 3 ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿಯಷ್ಟು ಪ್ರಮಾಣ ಮೀರಬಾರದು. ಹಿರಿಯರೇ ಪೇಸ್ಟ್ ಹಚ್ಚಿಕೊಟ್ಟು, ಮಗು ಉಗುಳುವುದನ್ನು ನೋಡಿಕೊಳ್ಳಬೇಕು. ಹುಳಿ ಪದಾರ್ಥ ತಿಂದ ಅಥವಾ ವಾಂತಿಯಾದ ತಕ್ಷಣ ಹಲ್ಲುಜ್ಜಬಾರದು. ಆಗ ಎನಾಮಲ್ ಮೃದುವಾಗಿರುತ್ತದೆ. ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಿಂದ ಒಂದು ಗಂಟೆಯ ನಂತರ ಉಜ್ಜುವುದು ಒಳ್ಳೆಯದು.

ನೀರಿನ ಸುರಕ್ಷತೆ

ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಗ್ರಾಮಗಳಲ್ಲಿ ಸ್ಥಾಪಿಸಲಾದ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಬಳಸುವ ಆರ್‌ಒ ವಿಧಾನ ಫ್ಲೋರೈಡನ್ನು ತೆಗೆಯುತ್ತದೆ. ಸಕ್ರಿಯ ಅಲ್ಯುಮಿನಾ ಶೋಧಕ ಮತ್ತು ಆಲಂ ಹಾಗೂ ಸುಣ್ಣ ಬಳಸುವ ನಲಗೊಂಡ ವಿಧಾನ ಇತರ ಮಾರ್ಗಗಳು. ಶುದ್ಧ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಂಡು ಅನ್ನ, ಬೇಳೆ, ಚಹಾಕ್ಕೆ ಕೊಳವೆಬಾವಿಯ ನೀರನ್ನೇ ಬಳಸಿದರೆ ಫ್ಲೋರೈಡ್ ಆಹಾರದ ಮೂಲಕ ದೇಹ ಸೇರುತ್ತದೆ. ಬಾಯಿ ಮುಕ್ಕಳಿಸಿ ಉಗುಳುವುದಕ್ಕೆ, ಸ್ನಾನಕ್ಕೆ ಮತ್ತು ಬಟ್ಟೆ ಒಗೆಯುವುದಕ್ಕೆ ಕೊಳವೆಬಾವಿಯ ನೀರು ಅಡ್ಡಿಯಿಲ್ಲ. ನದಿಮೂಲದ ನೀರನ್ನು ಪೂರೈಸುವ ಬಹುಗ್ರಾಮ ಯೋಜನೆಗಳು ಮತ್ತು ಮಳೆನೀರು ಸಂಗ್ರಹ ಶಾಶ್ವತ ಪರಿಹಾರದ ಮಾರ್ಗಗಳಾಗಿವೆ.

ಚಿಕಿತ್ಸೆ

ಸೌಮ್ಯ ಫ್ಲೋರೋಸಿಸ್‌ಗೆ ಚಿಕಿತ್ಸೆಯ ಅಗತ್ಯವಿಲ್ಲ. ಕಲೆಗಳು ಹೆಚ್ಚಾಗಿದ್ದರೆ ದಂತವೈದ್ಯರು ಸೂಕ್ಷ್ಮ ಉಜ್ಜುವಿಕೆ, ಬಣ್ಣ ತೆಗೆಯುವಿಕೆ ಅಥವಾ ರಾಳ ತುಂಬುವಿಕೆಯ ವಿಧಾನಗಳನ್ನು ಅನುಸರಿಸುತ್ತಾರೆ. ತೀವ್ರ ಫ್ಲೋರೋಸಿಸ್ ಮತ್ತು ಆಳವಾದ ಆಮ್ಲಸವೆತದಲ್ಲಿ ಹಲ್ಲಿನ ಮೇಲೆ ಕೃತಕ ಹೊದಿಕೆ ಅಥವಾ ಕ್ಯಾಪ್ ಅಳವಡಿಸಬೇಕಾಗುತ್ತದೆ. ಕಂದು ಬಣ್ಣದ ಹಲ್ಲುಗಳನ್ನು ಸ್ವಚ್ಛತೆಯ ಕೊರತೆಯೆಂದು ತಪ್ಪಾಗಿ ತಿಳಿಯುವುದರಿಂದ ಹದಿಹರೆಯದವರು ನಗಲು, ಮಾತನಾಡಲು ಸಂಕೋಚಪಡುವುದುಂಟು. ಈ ಕಲೆ ಬಾಲ್ಯದಲ್ಲಿ ಕುಡಿದ ನೀರಿನಿಂದ ಬಂದುದೇ ಹೊರತು ಹಲ್ಲುಜ್ಜದ ಕಾರಣದಿಂದಲ್ಲ.

ಇತಿಹಾಸ

ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಪಟ್ಟಣದಲ್ಲಿ ದಂತವೈದ್ಯ ಫ್ರೆಡರಿಕ್ ಮೆಕೇ 1901ರಲ್ಲಿ ಅಲ್ಲಿನ ಜನರ ಕಂದು ಹಲ್ಲುಗಳನ್ನು ಗಮನಿಸಿದರು. ಇದಕ್ಕೆ ನೀರಿನ ಫ್ಲೋರೈಡ್ ಕಾರಣವೆಂದು 1931ರಲ್ಲಿ ತಿಳಿದುಬಂತು. ಭಾರತದಲ್ಲಿ 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಮಾನವರ ಫ್ಲೋರೋಸಿಸ್ ವರದಿಯಾಯಿತು. ಅಲ್ಪ ಪ್ರಮಾಣದ ಫ್ಲೋರೈಡ್ ಹುಳುಕನ್ನು ತಡೆಯುತ್ತದೆಂಬ ಅರಿವಿನಿಂದ ಸ್ಟ್ಯಾನಸ್ ಫ್ಲೋರೈಡ್ ಇರುವ ಕ್ರೆಸ್ಟ್ ಟೂತ್‌ಪೇಸ್ಟ್ 1955ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಭಾರತ ಸರ್ಕಾರವು 2008-09ರಲ್ಲಿ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಅಡಿಯಲ್ಲಿ ಗ್ರಾಮಗಳಲ್ಲಿಯೇ ಕಿಟ್ ಮೂಲಕ ನೀರನ್ನು ಪರೀಕ್ಷಿಸಲು ಮಹಿಳೆಯರಿಗೆ ತರಬೇತಿ ನೀಡಲಾಗುತ್ತಿದೆ.